ಹಾಥಾರ್ನ್ ಅವರ ಮಗ ಜೂಲಿಯನ್ ಬಗ್ಗೆ

ಅಮೆರಿಕದ ಹೆಸರಾಂತ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಮಗನೂ ಸೈನ್ಸ್ ಫಿಕ್ಷನ್ ಬರೆದಿದ್ದು ನಿಜಾನಾ ಅಂತ ಕೇಳಿದ್ದೀರಿ. ಹೌದು, ನಿಜ. ಜೂಲಿಯನ್ ಹಾಥಾರ್ನ್ ಹುಟ್ಟಿದ್ದು 1846ರಲ್ಲಿ, ಬಾಸ್ಟನ್‌ನಲ್ಲಿ. ಸಂಸಾರ ದೊಡ್ಡದು, ದುಡ್ಡು ಸಾಲುತ್ತಿರಲಿಲ್ಲ. ಕಾದಂಬರಿ, ಪತ್ತೇದಾರಿ ಕಥೆ, ಅಪ್ಪ ಅಮ್ಮನ ಜೀವನಚರಿತ್ರೆ, ಎಲ್ಲವನ್ನೂ ಬರೆದರು. 1897ರಲ್ಲಿ ಬರ, ಪ್ಲೇಗ್ ಬಗ್ಗೆ ವರದಿ ಮಾಡಲು ಭಾರತಕ್ಕೂ ಬಂದಿದ್ದರು. 1913ರಲ್ಲಿ, ಅಂಚೆ ಮೂಲಕ ಕೆನಡಾದ ಗಣಿ ಷೇರು ಮಾರಿದ ವಂಚನೆ ಕೇಸಿನಲ್ಲಿ ಅಟ್ಲಾಂಟಾ ಜೈಲು ಸೇರಿದರು. ಪಾಪ, ಆ ಷೇರು ಕೊಂಡವರ ದುಡ್ಡೂ ಹೋಯಿತು.

ನೀವು ಕೇಳಿದ ಸೈನ್ಸ್ ಫಿಕ್ಷನ್ ಕಥೆ ಬಂದಿದ್ದು ಆಮೇಲೆ: ‘ದಿ ಕಾಸ್ಮಿಕ್ ಕೋರ್ಟ್‌ಶಿಪ್’, 1917ರಲ್ಲಿ, ‘ಆಲ್-ಸ್ಟೋರಿ ವೀಕ್ಲಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ. ಪ್ರೇಯಸಿಗಾಗಿ ನಾಯಕ ಶನಿಗ್ರಹಕ್ಕೇ ಹೋಗುತ್ತಾನೆ! ಅಪ್ಪನ ಆಳ ಇಲ್ಲ. ಆದರೆ ಎಪ್ಪತ್ತು ದಾಟಿದ ಮೇಲೂ ಆ ಉತ್ಸಾಹ ಇತ್ತಲ್ವಾ, ಅದು ನನಗೆ ತುಂಬಾ ಇಷ್ಟ. ಮೊದಲು ಇದನ್ನೇ ಓದಿ.