ಮೊದಲ ಸಂಬಳಕ್ಕೇ ಇಷ್ಟು ತೆರಿಗೆಯಾ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್‌ಗೆ ಬಂದು ಕೇರ್ ಹೋಮ್ ಸೇರಿದೆ. ಇಲ್ಲಿ ಇದೇ ಮೊದಲ ಕೆಲಸ. ತಿಂಗಳ ಕೊನೆಗೆ 2,500 ಪೌಂಡ್ ಸಂಬಳ, ಅದರಲ್ಲಿ ಸುಮಾರು 290 ತೆರಿಗೆ ಹಿಡಿದಿದ್ದಾರೆ. ಸರಿಯಾ ಅಕ್ಕಾ?

ಉತ್ತರ: ಸರಿಯಿಲ್ಲ ತಂಗಿ. ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಕೋಡ್ ನೋಡು, ಅಂದ್ರೆ ತೆರಿಗೆ ಹೇಗೆ ಹಿಡಿಯಬೇಕು ಅಂತ ಹೇಳುವ ಗುರುತು. ಬಹುಶಃ ತಪ್ಪಾಗಿ ‘1257ಎಲ್ ಎಂ1’ ಅಂತ ಹಾಕಿರುತ್ತಾರೆ. ನನ್ನ ಮೊದಲ ಪೇಸ್ಲಿಪ್‌ನಲ್ಲೂ ಅದೇ ಇತ್ತು, ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಇಲ್ಲಿ ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ. ಅಂದ್ರೆ ತಿಂಗಳಿಗೆ 1,047.50. ಎಂ1 ಇದ್ದರೆ ಸಂಬಳದಲ್ಲಿ ಆ ಒಂದು ತಿಂಗಳಿನ ತೆರಿಗೆ ಇಲ್ಲದ ಮೊತ್ತವನ್ನಷ್ಟೇ ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ. ಇಲ್ಲದಿದ್ದರೆ ಆ ಮೊತ್ತವನ್ನು ತೆರಿಗೆ ವರ್ಷ ಶುರುವಾಗುವ ಏಪ್ರಿಲ್ 6ರಿಂದ ಕೂಡಿಸುತ್ತಾ ಬರುತ್ತಾರೆ. ಸೆಪ್ಟೆಂಬರ್ ಕೊನೆಗೆ ಆರು ತಿಂಗಳಿನದು 6,285 ಆಯ್ತು. ನಿನ್ನ ಸಂಬಳ ಅದರೊಳಗೇ ಇದೆ, ಅಲ್ವಾ? ತೆರಿಗೆ ಸೊನ್ನೆ ಆಗಬೇಕಿತ್ತು.

ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಫೋನ್ ಮಾಡಿ ಕೋಡ್ ಸರಿಮಾಡಿಸು. ಹಿಡಿದದ್ದು ಕೋಡ್ ಬದಲಾದ ಮೇಲಿನ ಸಂಬಳದ ಜೊತೆಗೇ ವಾಪಸ್ ಬರುತ್ತೆ. ಸರ್ಕಾರಿ ಪಿಂಚಣಿ, ಭತ್ಯೆಗಳಿಗೆ ಅಂತ ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್ ಮಾತ್ರ ಬೇರೆ ಲೆಕ್ಕ, ಅದು ಬರಲ್ಲ.