ದ್ರಾವಿಡ್ ಎದುರಿಸಿದ 31,258 ಎಸೆತಗಳು

ಪ್ರಶ್ನೆ: ಟೆಸ್ಟ್ ಕ್ರಿಕೆಟ್‌ನಲ್ಲಿ ಅತಿ ಹೆಚ್ಚು ಎಸೆತಗಳನ್ನು ಎದುರಿಸಿದ ದಾಖಲೆ ರಾಹುಲ್ ದ್ರಾವಿಡ್ ಅವರದೆಂದು ಓದಿದೆ. ಹೆಚ್ಚು ರನ್ ಗಳಿಸುವುದು ಸಾಧನೆ ಸರಿ. ಹೆಚ್ಚು ಎಸೆತ ಆಡಿದ್ದು ಹೇಗೆ ಸಾಧನೆಯಾಗುತ್ತದೆ? ಅದು ನಿಧಾನ ಆಟದ ಲಕ್ಷಣವಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ 95 ರನ್ ಗಳಿಸಿ ಟೆಸ್ಟ್ ಬದುಕು ಆರಂಭಿಸಿದ ದ್ರಾವಿಡ್, 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 164 ಟೆಸ್ಟ್‌ಗಳಲ್ಲಿ 36 ಶತಕಗಳೊಡನೆ 13,288 ರನ್ ಸೇರಿಸಿದ್ದರು. ಅದಕ್ಕಾಗಿ ಅವರು ಎದುರಿಸಿದ ಎಸೆತಗಳು 31,258. ದಿನಕ್ಕೆ 90 ಓವರ್‌ಗಳ ಲೆಕ್ಕ ಹಿಡಿದರೆ, ಒಬ್ಬರೇ ಸುಮಾರು 58 ದಿನ ಪೂರ್ತಿ ಬೌಲಿಂಗ್ ಎದುರಿಸಿದಂತಾಯಿತು.

ಅವರ ಕ್ರಮಾಂಕ ಹೆಚ್ಚಾಗಿ ಮೂರನೆಯದು. ಆರಂಭಿಕ ಜೋಡಿ ಬೇಗ ಮುರಿದಾಗ ಹೊಸ ಚೆಂಡು ಇನ್ನೂ ತಿರುವು ಪಡೆಯುತ್ತಿರುವಾಗಲೇ ಕ್ರೀಸಿಗಿಳಿದು, ಆಫ್‌ಸ್ಟಂಪ್‌ನ ಆಚೆ ಹೋಗುವ ಎಸೆತವನ್ನು ಬಿಟ್ಟು, ಒಳಬರುವುದನ್ನು ದೇಹಕ್ಕೆ ಹತ್ತಿರವಾಗಿ, ತಡವಾಗಿ, ಸಡಿಲ ಕೈಗಳಲ್ಲಿ ತಡೆದು ಅವರು ಬೌಲರ್‌ಗಳನ್ನು ದಣಿಸುತ್ತಿದ್ದರು. ಅದರ ಫಲ ಹಿಂದೆ ಬರುವವರಿಗೂ ದಕ್ಕುತ್ತಿತ್ತು.

2001ರ ಕೋಲ್ಕತ್ತ ಟೆಸ್ಟ್‌ನಲ್ಲಿ ಭಾರತ 274 ರನ್ ಹಿಂದುಳಿದು ಫಾಲೋಆನ್ ಆಡುತ್ತಿದ್ದಾಗ ಲಕ್ಷ್ಮಣ್ 281 ಹೊಡೆದದ್ದು ಎಲ್ಲರಿಗೂ ನೆನಪಿದೆ. ಅಂದು ಆರನೆಯವರಾಗಿ ಬಂದು 353 ಎಸೆತಗಳಲ್ಲಿ 180 ರನ್ ಗಳಿಸಿ, ನಾಲ್ಕನೆಯ ದಿನವಿಡೀ ಒಂದೂ ವಿಕೆಟ್ ಬೀಳದಂತೆ ಅವರ ಜೊತೆಗೆ ನಿಂತವರು ದ್ರಾವಿಡ್. 2003ರ ಅಡಿಲೇಡ್‌ನಲ್ಲಿ 233 ಮತ್ತು ಅಜೇಯ 72, 2004ರ ರಾವಲ್ಪಿಂಡಿಯಲ್ಲಿ 495 ಎಸೆತಗಳಲ್ಲಿ 270. ಮೂರೂ ಕಡೆ ಗೆಲುವು ಭಾರತದ್ದು.

ಆದರೂ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು 2006ರ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಎಂಬುದು ನಮ್ಮ ಅಭಿಪ್ರಾಯ. ಚೆಂಡು ಒಮ್ಮೆ ಪುಟಿದು ಒಮ್ಮೆ ಕೆಳಗುಳಿಯುತ್ತಿದ್ದ ಆ ಪಿಚ್ಚಿನಲ್ಲಿ ನಾಯಕ ದ್ರಾವಿಡ್ 81 ಮತ್ತು 68 ಗಳಿಸಿದರು. ಭಾರತದ ಬೇರಾವ ಬ್ಯಾಟ್ಸ್‌ಮನ್ನನೂ ಎರಡೂ ಇನಿಂಗ್ಸ್‌ಗಳಲ್ಲಿ ಅರ್ಧಶತಕ ಮುಟ್ಟಲಿಲ್ಲ. ಪಂದ್ಯ 49 ರನ್‌ಗಳಿಂದ ನಮ್ಮದಾಯಿತು, 1971ರ ನಂತರ ಮೊದಲ ಬಾರಿಗೆ ವೆಸ್ಟ್ ಇಂಡೀಸ್ ನೆಲದಲ್ಲಿ ಸರಣಿಯೂ ಸಿಕ್ಕಿತು. ಅಲ್ಲಿ ಮೊದಲ ಇನಿಂಗ್ಸ್‌ನ 81 ರನ್‌ಗೆ ಅವರು ಆಡಿದ 215 ಎಸೆತಗಳನ್ನು ನಿಧಾನವೆಂದು ಕರೆಯಲು ನಮಗೆ ಮನಸ್ಸು ಬಾರದು. ವೇಗ ಬೇಕಾದಾಗ ಅದೂ ಅವರಲ್ಲಿತ್ತು: 2003ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧದ ಏಕದಿನ ಪಂದ್ಯದಲ್ಲಿ ಅವರು 22 ಎಸೆತಗಳಲ್ಲೇ 50 ಗಳಿಸಿದ್ದಾರೆ.

ಪ್ರಶ್ನೆ: ಅವರ 210 ಟೆಸ್ಟ್ ಕ್ಯಾಚ್‌ಗಳ ದಾಖಲೆ ಈಗಲೂ ಉಳಿದಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್‌ನ ಜೋ ರೂಟ್ ತಮ್ಮ 211ನೆಯ ಕ್ಯಾಚ್ ಹಿಡಿದು ಅದನ್ನು ದಾಟಿದರು. ಆ ಕ್ಯಾಚಿಗೆ ಔಟಾದವರು ಕರ್ನಾಟಕದವರೇ ಆದ ಕರುಣ್ ನಾಯರ್.