ಅಪ್ಪನ ಒಟಿಪಿ, ಮಗಳ ವಯಸ್ಸು

(ಮನೆಯವರ ಮತ್ತು ಹುಡುಗಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಹೆಸರು, ಕಸುಬು, ಸಂಬಂಧಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ 14 ವರ್ಷ, ಕಲಬುರಗಿಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ. ಅವಳನ್ನು ಸುಮಾ ಎನ್ನೋಣ. ತಂದೆ ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಸುಮಾ ಮೆಹಂದಿ ಹಾಕುವುದರಲ್ಲಿ ಜಾಣೆ. ಓಣಿಯಲ್ಲಿ ಮದುವೆಯಿದ್ದರೆ ಇವಳಿಗೆ ಕರೆ ಬರುತ್ತದೆ. ಆ ಕೈಗಳ ರೀಲ್ಸ್ ಹಾಕಲು ತಾಯಿಯ ಫೋನಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಳು. ಹುಟ್ಟಿದ ವರ್ಷ: 2006.

ವರ್ಷ ತಿರುಚುವುದನ್ನು ಕಾಕಾನ ಮಗಳು ಹೇಳಿಕೊಟ್ಟಿದ್ದಳು. ನಿಜವಾದ ವಯಸ್ಸು ಹಾಕಿದರೆ ಖಾತೆಗೆ ಬೀಗ ಬೀಳುತ್ತದೆ, ರೀಲ್ಸ್ ಯಾರೂ ನೋಡುವುದಿಲ್ಲ ಎಂದು. ಮಾತು ಸುಳ್ಳಲ್ಲ. 2025ರ ಫೆಬ್ರುವರಿಯಿಂದ ಭಾರತದಲ್ಲೂ ಹದಿಹರೆಯದವರ ಇನ್‌ಸ್ಟಾಗ್ರಾಂ ಖಾತೆಗಳು ಖಾಸಗಿಯಾಗಿಯೇ ಶುರುವಾಗುತ್ತವೆ, ಗೊತ್ತಿಲ್ಲದವರು ಮೆಸೇಜ್ ಕಳಿಸದಂತೆ ತಡೆಯಿರುತ್ತದೆ. 16ರೊಳಗಿನವರು ಅದನ್ನು ಸಡಿಲಿಸಬೇಕೆಂದರೆ ಪೋಷಕರು ಒಪ್ಪಬೇಕು. 2006 ಎಂದು ಬರೆದ ಕೂಡಲೇ ಆ ಕಾವಲೆಲ್ಲ ಇಲ್ಲವಾಯಿತು.

ಹೆಣ್ಣಿನ ಹೆಸರಿದ್ದ ಖಾತೆಯೊಂದು ‘ಮದುವೆ ಆರ್ಡರ್ ಕೊಡ್ತೀನಿ’ ಎಂದು ಮಾತು ಶುರು ಮಾಡಿತು. ಮೊದಲು ಕೈಗಳ ಫೋಟೊ ಕೇಳಿದರು, ಆಮೇಲೆ ಮುಖದ್ದು. ಅದು ಸಿಕ್ಕಿದ ಮೇಲೆ ಬಟ್ಟೆಯಿಲ್ಲದ ಫೋಟೊ ಬೇಕೆಂದರು. ಕೊಡದಿದ್ದರೆ ಇದ್ದ ಮುಖವನ್ನೇ ಬೇರೆ ದೇಹಕ್ಕೆ ಅಂಟಿಸಿ ಶಾಲೆಯವರಿಗೆಲ್ಲ ಕಳಿಸುವ ಬೆದರಿಕೆ. ಸುಮಾ ಕಳಿಸಲಿಲ್ಲ. ಕೆಲವು ದಿನ ಒಳಗೊಳಗೇ ಬೆಂದು, ಕೊನೆಗೆ ಚಿಗವ್ವನ ಹತ್ತಿರ ಬಾಯಿ ಬಿಟ್ಟಳು. ಈ ಪ್ರಕರಣದಲ್ಲಿ ಅವಳನ್ನು ಉಳಿಸಿದ್ದು ಅದೊಂದೇ.

ಸುದ್ದಿ ತಂದೆಗೆ ತಲುಪಿದ್ದೇ ಮನೆಯ ಹವೆ ಕೆಟ್ಟಿತು. ಫೋನ್ ಕಿತ್ತುಕೊಂಡರು, ಶಾಲೆ ಬಿಡಿಸುವ ಮಾತಾಡಿದರು. ಫೋನ್ ಅಂಗಡಿಯ ಹುಡುಗನೊಬ್ಬನಿಗೆ ದುಡ್ಡು ಕೊಟ್ಟು, ಎಲ್ಲ ಮೆಸೇಜ್, ಕರೆ, ಲೊಕೇಶನ್ ತಮಗೆ ಬರುವಂಥ ಆ್ಯಪ್ ಒಂದನ್ನು ಮಗಳಿಗೂ ಹೆಂಡತಿಗೂ ಗೊತ್ತಾಗದಂತೆ ಹಾಕಿಸಿದರು. ಹುಡುಗಿ ಊಟ ಬಿಟ್ಟಳು. ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ಆಗ.

ಮೊದಲು ಅವಳೊಬ್ಬಳೊಂದಿಗೇ ಮಾತಾಡಿದೆ. “ಅಪ್ಪಗ ಮೊದ್ಲ ಯಾಕ ಹೇಳಲಿಲ್ಲ?” ಎಂದು ಕೇಳಿದ್ದಕ್ಕೆ, “ಸಾಲಿ ಬಿಡಸ್ತಾರಂತ ಅಂಜಿದೆ ರೀ. ನೋಡ್ರಿ, ಬಿಡಸ್ಲಿಕ್ಕೇ ಹತ್ಯಾರ” ಎಂದಳು. ಆ ಉತ್ತರ ತಂದೆ ಕೇಳಿಸಿಕೊಳ್ಳಬೇಕಿತ್ತು. ಅವಳ ಅನುಮತಿ ಪಡೆದು ಅವರಿಗೆ ಹಾಗೆಯೇ ಹೇಳಿದೆ.

ತಂದೆ ಸಿಟ್ಟಿನ ಮನುಷ್ಯರಲ್ಲ, ಹೆದರಿದವರು. “ಟಿವ್ಯಾಗ ನೋಡೀನ್ರಿ ಮೇಡಂ, ಆಸ್ಟ್ರೇಲಿಯಾದಾಗ ಹದಿನಾರರ ತನಕ ಬಂದ್ ಮಾಡ್ಯಾರ. ನಮ್ಮಲ್ಲಿ ಯಾಕ ಮಾಡಂಗಿಲ್ಲ? ಅಲ್ಲಿ ತನಕ ನಾನ ಮಾಡ್ತೀನಿ” ಎಂದರು. ಅವರು ನೋಡಿದ್ದು ನಿಜ. 2025ರ ಡಿಸೆಂಬರ್ 10ರಿಂದ ಅಲ್ಲಿ 16ರೊಳಗಿನವರು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಆದರೆ ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗಿನ ದಂಡ ಬೀಳುವುದು ಕಂಪನಿಗೆ. ಮಗುವಿಗೂ ಇಲ್ಲ, ತಂದೆತಾಯಿಗೂ ಇಲ್ಲ. ಅದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ತಮ್ಮ ಮನೆಯಲ್ಲಿ ದಂಡ ಕಟ್ಟುತ್ತಿರುವವಳು ಮಗಳು ಎಂಬುದು ಹೊಳೆದಿರಬೇಕು.

ನಮ್ಮಲ್ಲೂ ಕಾನೂನು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು, ಅವರ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಕಂಪನಿಗಳ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವಿದೆ. ಇದನ್ನು ವಿವರಿಸುತ್ತ ತಂದೆಗೊಂದು ಪ್ರಶ್ನೆ ಕೇಳಿದೆ: ನಿಮ್ಮ ಆಧಾರ್ ಕೆಲಸ, ಗ್ಯಾಸ್ ಬುಕಿಂಗ್, ಬ್ಯಾಂಕಿನ ಒಟಿಪಿ, ಇವೆಲ್ಲ ಯಾರು ನೋಡಿಕೊಳ್ಳುತ್ತಾರೆ? “ಇಕೀನ ರೀ. ನಮಗೆಲ್ಲಿ ಬರತದ?”

ಈ ಭಾಗದ ಎಷ್ಟೋ ಮನೆಗಳ ಕಥೆ ಇದೇ. ಪೋಷಕರ ಒಪ್ಪಿಗೆಗೆಂದು ಒಟಿಪಿ ಬಂದರೆ ಅದನ್ನು ಓದಿ ಒತ್ತುವವರು ಮಕ್ಕಳೇ. ಹಾಗಂತ ಎಲ್ಲರ ಮುಖ, ಎಲ್ಲರ ಗುರುತಿನ ಚೀಟಿ ಕೇಳಿದರೆ ಸರಿಹೋದೀತೇ? 2025ರಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಪರವಾಗಿ ಕೆಲಸ ಮಾಡುತ್ತಿದ್ದ ಹೊರಗಿನ ಸಂಸ್ಥೆಯೊಂದರಿಂದ, ವಯಸ್ಸಿನ ತಕರಾರು ಬಗೆಹರಿಸಲೆಂದು ಜನ ಕೊಟ್ಟಿದ್ದ ಸುಮಾರು 70,000 ಗುರುತಿನ ಚೀಟಿಗಳ ಚಿತ್ರ ಕಳ್ಳರ ಪಾಲಾದವು. ಮಕ್ಕಳ ಖಾತೆಯನ್ನು ಮೊದಲೇ ಭದ್ರವಾಗಿಡುವ ಹೊಣೆ ಕಂಪನಿಯ ಮೇಲಿರಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆಧಾರ್ ಕೊಟ್ಟು ಒಳಗೆ ಹೋಗುವ ಏರ್ಪಾಟಿಗೆ ಮಾತ್ರ ನನ್ನ ಮನಸ್ಸು ಒಪ್ಪದು. ತಂದೆ ಈಗಲೂ ನನ್ನೊಡನೆ ಇದರ ಬಗ್ಗೆ ವಾದ ಮಾಡುತ್ತಾರೆ. ಮಾಡಲಿ.

ಇನ್ನು ಕೊಟ್ಟ ಸಲಹೆ. ಎಲ್ಲಕ್ಕಿಂತ ಮೊದಲು ಆ ಆ್ಯಪ್ ತೆಗೆಸಿದೆ. ಪ್ಲೇ ಸ್ಟೋರ್‌ನಿಂದ ಬಂದದ್ದಲ್ಲ, ಅಂಗಡಿಯ ಹುಡುಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೈಲು. ಕ್ಯಾಮೆರಾ, ಮೈಕ್, ಫೋಟೊ ಎಲ್ಲಕ್ಕೂ ಅನುಮತಿ ಪಡೆದಿತ್ತು. ಅದು ಯಾರ ಕಂಪ್ಯೂಟರಿಗೆ ಏನೇನು ಕಳಿಸುತ್ತಿದೆ ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಕದ್ದು ನೋಡುವ ಅಪ್ಪನಿಗೆ ಮಗಳು ಮುಂದಿನ ಸಲ ಏನನ್ನೂ ಹೇಳುವುದಿಲ್ಲ, ಗೆಳತಿಯ ಫೋನ್ ಹುಡುಕುತ್ತಾಳೆ. ಅವಳಿಗೆ ತಿಳಿಸಿ, ಅವಳೆದುರೇ ಫೋನಿನಲ್ಲಿ ಹಾಕುವ ಪೋಷಕರ ನಿಗಾ ಸೆಟ್ಟಿಂಗ್ ಬೇರೆ. ಅದಕ್ಕೆ ನಾನು ಬೇಡ ಎನ್ನಲಿಲ್ಲ.

ದೂರು ಕೊಡುವುದು ಅವರಿಗೆ ಬಿಟ್ಟ ಮಾತಲ್ಲ ಎಂದೂ ನೇರವಾಗಿ ಹೇಳಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ನಾನೂ ಸಹ. “ಮಾನ ಹೋಗ್ತದ್ರಿ, ನಾಳಿ ಈಕಿ ಲಗ್ನ?” ಎಂದರು ತಾಯಿ. ಮಗುವಿನ ಹೆಸರು, ಫೋಟೊ, ಶಾಲೆಯ ವಿವರ ಮಾಧ್ಯಮದಲ್ಲಿ ಬರುವಂತಿಲ್ಲ; ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಅದೂ ಸಮವಸ್ತ್ರವಿಲ್ಲದೆ ಬರಬೇಕೆಂಬುದು 24ನೇ ಸೆಕ್ಷನ್. ಇದನ್ನು ಬಿಡಿಸಿ ಹೇಳಲು ನಮ್ಮ ಒಂದು ಸಭೆ ಪೂರ್ತಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಅಷ್ಟರಲ್ಲಿ ತಂದೆ ಚಾಟ್ ಎಲ್ಲ ಅಳಿಸಲು ಹೊರಟಿದ್ದರು. ಅಳಿಸಬೇಡಿ, ಆ ಖಾತೆಯ ಹೆಸರು, ಲಿಂಕ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ ಎಂದೆ. ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ತಂದೆಯ ಜೊತೆ ಚಿಗವ್ವ ಹೋದರು. ಹಾಗೆಯೇ 1098 ಮಕ್ಕಳ ಸಹಾಯವಾಣಿ, ರಾತ್ರಿ ಮನಸ್ಸು ತಡೆಯದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡನ್ನೂ ಸುಮಾ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಮೆಹಂದಿ ಏನಾಗಬೇಕು ಎಂಬುದು ಅವಳ ಚಿಂತೆ. ರೀಲ್ಸ್ ತಾಯಿಯ ಹೆಸರಿನ ಖಾತೆಯಲ್ಲಿ, ಕೈ ಮಾತ್ರ ಕಾಣುವಂತೆ. ಆರ್ಡರ್ ಮಾತುಕತೆ ತಾಯಿಯದು. ಸುಮಾಳ ಸ್ವಂತ ಖಾತೆಗೆ ನಿಜವಾದ ಹುಟ್ಟಿದ ವರ್ಷ. “ಅವ್ವಗ ರೀಲ್ಸ್ ಹಾಕ್ಲಿಕ್ಕ ಬರಂಗಿಲ್ಲ ರೀ” ಎಂದು ತಕರಾರು ಮಾಡಿದಳು. ಕಲಿಸು ಎಂದೆ.

ಶಾಲೆಗೆ ಮತ್ತೆ ಹೋಗುತ್ತಿದ್ದಾಳೆ. ತನಿಖೆ ನಡೆದಿದೆ, ಪೊಲೀಸರು ಹೇಳುವವರೆಗೆ ಹಳೆಯ ಖಾತೆ ಅಳಿಸುವಂತಿಲ್ಲ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮುಂದಿನ ಭೇಟಿ. ವರ್ಷ ತಿರುಚುವುದನ್ನು ಕಲಿಸಿದ ಕಾಕಾನ ಮಗಳನ್ನೂ ಅವರ ಮನೆಯವರನ್ನೂ ಅಂದು ಕರೆತರಲು ಹೇಳಿದ್ದೇನೆ.